ಮಗು ಎಚ್ಚತ್ತದ್ದು ಯಾವ ಜಾವದಲ್ಲಿ?

ಇರುಳು ಹತ್ತೂವರೆ ಗಂಟೆ. ಜೋಯಿಡಾ ತಾಲ್ಲೂಕಿನ ಕಾಡಿನ ನಡುವಣ ಒಂದು ಮನೆಯನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಬೇಕು. ಹೊರಗೆ ಜೀರುಂಡೆಗಳ ಸದ್ದು, ಒಳಗೆ ದೀಪವಾರಿದೆ. ಒಂಬತ್ತು ಗಂಟೆಗೆ ಮಲಗಿದ ಐದು ವರ್ಷದ ಬಾಲಕನು ಇದ್ದಕ್ಕಿದ್ದಂತೆ ಎದ್ದು ಕುಳಿತು ಕಿಟಾರನೆ ಕಿರುಚುತ್ತಾನೆ. ಕಣ್ಣು ತೆರೆದಿದೆ, ಆದರೆ ಎದುರಿಗಿರುವ ತಾಯಿಯ ಗುರುತು ಅವನಿಗೆ ಹತ್ತುವುದಿಲ್ಲ. ಮೈ ಬೆವರಿದೆ, ಎದೆ ಡವಗುಟ್ಟುತ್ತಿದೆ. ಅಪ್ಪಿಕೊಳ್ಳಲು ಹೋದರೆ ಕೈಕಾಲು ಬಡಿದು ನೂಕುತ್ತಾನೆ. "ಕೂಸಿಗೆ ಯಾರದೋ ದೃಷ್ಟಿ ತಾಗೇತಿ" ಎಂದು ಅಜ್ಜಿ ಎದ್ದು, ಉಪ್ಪು ಮತ್ತು ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾಳೆ. ಹತ್ತು ನಿಮಿಷದೊಳಗೆ ಹುಡುಗನು ಮತ್ತೆ ಮಲಗಿ ನಿದ್ರಿಸುತ್ತಾನೆ. ಬೆಳಿಗ್ಗೆ ಕೇಳಿದರೆ ಅವನಿಗೆ ಏನೊಂದೂ ನೆನಪಿಲ್ಲ.

ಅಜ್ಜಿಯ ಚಿಕಿತ್ಸೆಯು ಫಲಿಸಿತೆಂದು ಮನೆಯವರಿಗೆ ತೋರುವುದು ಸಹಜವೇ ಆಗಿದೆ. ಆದರೆ ಈ ಬಗೆಯ ಭೀತಿಯು ತಾನಾಗಿಯೇ ಕೆಲವೇ ನಿಮಿಷಗಳಲ್ಲಿ ಅಡಗುವಂಥದು. ಆದುದರಿಂದ ಕೊನೆಯಲ್ಲಿ ಯಾವ ಉಪಾಯವನ್ನು ಮಾಡಿದರೋ ಅದಕ್ಕೇ ಕೀರ್ತಿ ಸಲ್ಲುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆನ್ನುವುದು ಇದನ್ನೇ. ಹೀಗೆ ನಗೆಯಾಡಿ ಮುಂದೆ ಹೋಗಿಬಿಟ್ಟರೆ ಅಜ್ಜಿಗೆ ನಾವು ಯಾವ ಉತ್ತರವನ್ನೂ ಕೊಟ್ಟಂತಾಗಲಿಲ್ಲ. ಅವಳು ಕೇಳುವ ಪ್ರಶ್ನೆ ನ್ಯಾಯವಾದುದು: ದೃಷ್ಟಿಯಲ್ಲದಿದ್ದರೆ ಇದು ಮತ್ತೇನು?

ಉತ್ತರದ ಮುಖ್ಯಭಾಗವು ಒಂದು ಸಣ್ಣ ಮರುಪ್ರಶ್ನೆಯಲ್ಲಿ ಅಡಗಿದೆ. ಮಗು ಎಚ್ಚತ್ತದ್ದು ಯಾವ ಜಾವದಲ್ಲಿ? ನಮ್ಮ ಹಿರಿಯರು ಇರುಳನ್ನು ಮೂರು ಮೂರು ಗಂಟೆಗಳ ನಾಲ್ಕು ಜಾವಗಳಾಗಿ ಪಾಲು ಮಾಡಿದ್ದರು. ಮಕ್ಕಳ ನಿದ್ರೆಯ ತೊಡಕುಗಳನ್ನು ವಿಂಗಡಿಸುವುದಕ್ಕೆ ಈ ಹಳೆಯ ಲೆಕ್ಕವು ಇಂದಿಗೂ ಒಳ್ಳೆಯ ಸಾಧನವೆಂದು ನನ್ನ ಅಭಿಪ್ರಾಯ. ಏಕೆಂದರೆ ನಿದ್ರೆಯು ಸಂಜೆಯಿಂದ ಬೆಳಗಿನವರೆಗೆ ಒಂದೇ ಸಮನಾದ ಕತ್ತಲೆಯಲ್ಲ.

ಇದು ತಿಳಿದುಬಂದ ಕಥೆಯು ಸ್ವಾರಸ್ಯವಾಗಿದೆ. ಜರ್ಮನಿಯ ಹಾನ್ಸ್ ಬರ್ಗರ್ ಎಂಬ ವೈದ್ಯನು 1924ರಲ್ಲಿ ಮನುಷ್ಯನ ಮೆದುಳಿನ ವಿದ್ಯುತ್ ತರಂಗಗಳನ್ನು ಮೊದಲ ಬಾರಿಗೆ ದಾಖಲಿಸಿದನು. 1929ರಲ್ಲಿ ಅದನ್ನು ಪ್ರಕಟಿಸಿದನು. ನಿದ್ರೆ ಆಳವಾದಂತೆ ಈ ತರಂಗಗಳು ದೊಡ್ಡವೂ ನಿಧಾನವೂ ಆಗುತ್ತವೆಂಬುದು ಬೇಗನೆ ಗೊತ್ತಾಯಿತು. ಅಂದಿನ ನಂಬಿಕೆಯಂತೆ ನಿದ್ರೆಯೆಂದರೆ ಆರಿಸಿಟ್ಟ ದೀಪ. ಆದರೆ 1951ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಯೂಜೀನ್ ಅಸೆರಿನ್‌ಸ್ಕಿಯು ಒಂದು ಹಳೆಯ ಯಂತ್ರವನ್ನು ಸರಿಪಡಿಸಿ, ತನ್ನ ಎಂಟು ವರ್ಷದ ಮಗನ ಕಣ್ಣಿನ ಬಳಿ ತಂತಿಗಳನ್ನು ಅಂಟಿಸಿ ಮಲಗಿಸಿದನು. ನಡುರಾತ್ರಿಯಲ್ಲಿ ಲೇಖನಿಗಳು ಎಚ್ಚರವಿರುವವನ ಕಣ್ಣುಗಳಂತೆ ಬಿರುಸಾಗಿ ಗೀಚತೊಡಗಿದುವು. ಹೋಗಿ ನೋಡಿದರೆ ಹುಡುಗನು ಗಾಢವಾಗಿ ನಿದ್ರಿಸುತ್ತಿದ್ದನು! 1953ರಲ್ಲಿ ಅಸೆರಿನ್‌ಸ್ಕಿಯೂ ಅವನ ಗುರು ನಥೇನಿಯಲ್ ಕ್ಲೈಟ್‌ಮನ್ನನೂ ಈ ಶೋಧವನ್ನು ಪ್ರಕಟಿಸಿದರು. ಕಣ್ಣುಗಳು ರೆಪ್ಪೆಯೊಳಗೇ ಹರಿದಾಡುವ ಈ ಅವಸ್ಥೆಯಲ್ಲಿಯೇ ಎದ್ದುಕಾಣುವ ಕನಸುಗಳು ಹೆಚ್ಚಾಗಿ ಬೀಳುತ್ತವೆ. ಮಗುವೊಂದರ ನಿದ್ರೆಯಿಂದಲೇ ಆಧುನಿಕ ನಿದ್ರಾವಿಜ್ಞಾನವು ಹುಟ್ಟಿತೆಂದರೆ ತಪ್ಪಾಗದು.

ಹೀಗೆ ಗಾಢನಿದ್ರೆ ಮತ್ತು ಕನಸಿನ ನಿದ್ರೆಗಳು ಇರುಳುದ್ದಕ್ಕೂ ಸುತ್ತುಸುತ್ತಾಗಿ ಬರುತ್ತವೆ. ವಯಸ್ಕರಲ್ಲಿ ಒಂದು ಸುತ್ತಿಗೆ ಸುಮಾರು 90 ನಿಮಿಷ. ಎಳೆಯ ಮಕ್ಕಳಲ್ಲಿ ಇನ್ನೂ ಕಡಿಮೆ. ನಮಗೆ ಬೇಕಾದ ಅಂಶವೆಂದರೆ ಇವೆರಡೂ ಸಮನಾಗಿ ಹಂಚಿಹೋಗಿಲ್ಲ. ಗಾಢನಿದ್ರೆಯ ಬಹುಪಾಲು ಮಲಗಿದ ಮೊದಲ ಮೂರು ನಾಲ್ಕು ಗಂಟೆಗಳಲ್ಲಿಯೇ ಮುಗಿಯುತ್ತದೆ. ಕನಸಿನ ನಿದ್ರೆಯು ಬೆಳಗಿನ ಜಾವದ ಕಡೆಗೆ ಉದ್ದವಾಗುತ್ತ ಹೋಗುತ್ತದೆ. ಮಕ್ಕಳ ಗಾಢನಿದ್ರೆಯಂತೂ ದೊಡ್ಡವರದಕ್ಕಿಂತ ಎಷ್ಟೋ ಪಾಲು ಗಟ್ಟಿ. ಜಾತ್ರೆಯ ಡೊಳ್ಳಿನ ಪಕ್ಕದಲ್ಲಿಯೂ ತಾಯಿಯ ತೊಡೆಯ ಮೇಲೆ ನಿದ್ರಿಸುವ ಮಗುವನ್ನು ನೋಡದವರು ಯಾರು?

ಜೋಯಿಡಾದ ಹುಡುಗನ ಬಳಿಗೆ ಮರಳೋಣ. ಮಲಗಿದ ಒಂದೂವರೆ ಗಂಟೆಯ ಮೇಲೆ ಅವನು ಕಿರುಚಿದನು. ಅಂದರೆ ಗಾಢನಿದ್ರೆಯ ಹೊತ್ತು. ಒಂದು ಸುತ್ತು ಮುಗಿದು ನಿದ್ರೆ ಹಗುರಾಗಬೇಕಾದಾಗ ಅವನ ಮೆದುಳು ಪೂರ್ತಿಯಾಗಿ ಎಚ್ಚರಗೊಳ್ಳಲಿಲ್ಲ. ಕೈಕಾಲುಗಳನ್ನು ಆಡಿಸುವ ಭಾಗಗಳೂ ಭಯವನ್ನು ಹುಟ್ಟಿಸುವ ಭಾಗಗಳೂ ಎದ್ದುವು. ವಿವೇಚನೆಯ ಮತ್ತು ನೆನಪಿನ ಭಾಗಗಳು ಮಲಗಿಯೇ ಇದ್ದುವು. ಇದನ್ನು ನಿಶಾಭೀತಿಯೆಂದು ಕರೆಯೋಣ. ಇದೇ ಅರೆಯೆಚ್ಚರದಲ್ಲಿ ಮಗು ಕಿರುಚುವ ಬದಲು ಎದ್ದು ನಡೆದರೆ ಅದು ನಿದ್ರಾಭ್ರಮಣ. ಎರಡೂ ಒಂದೇ ತಾಯಿಯ ಮಕ್ಕಳು. ಒಂದೇ ಕುಟುಂಬದಲ್ಲಿ ತಲೆಮಾರಿನಿಂದ ತಲೆಮಾರಿಗೆ ಕಾಣಿಸಿಕೊಳ್ಳುವುದೂ ಉಂಟು. ಅಜ್ಜಿಯನ್ನೇ ಕೇಳಿದರೆ, ಹುಡುಗನ ತಂದೆಯೂ ಚಿಕ್ಕಂದಿನಲ್ಲಿ ರಾತ್ರಿ ಎದ್ದು ನಡೆಯುತ್ತಿದ್ದನೆಂದು ಹೇಳಿದರೆ ಆಶ್ಚರ್ಯವಿಲ್ಲ. ಬಹುಪಾಲು ಮಕ್ಕಳಲ್ಲಿ ಇದು ಹರೆಯದ ಹೊತ್ತಿಗೆ ತಾನಾಗಿಯೇ ನಿಲ್ಲುತ್ತದೆ.

ಜಾತ್ರೆಗೆ ಹೋಗಿಬಂದ ಮಗುವಿಗೆ ಮರುರಾತ್ರಿ ಹೀಗಾಯಿತು, ಅಲ್ಲಿ ಏನೋ ಸೋಂಕಿತು ಎಂಬ ಮಾತನ್ನು ಹಳಿಯಾಳ, ಮುಂಡಗೋಡಗಳ ಕಡೆಯಲ್ಲಿಯೂ ಬೇರೆಡೆಯಲ್ಲಿಯೂ ಕೇಳುತ್ತೇವೆ. ಈ ಅವಲೋಕನವನ್ನು ತಳ್ಳಿಹಾಕತಕ್ಕದ್ದಲ್ಲ; ಅದರಲ್ಲಿ ನಿಜವಿದೆ. ಜಾತ್ರೆಯ ರಾತ್ರಿ ಮಗು ನಿದ್ರೆಗೆಟ್ಟಿರುತ್ತದೆ. ಮರುದಿನ ಮೆದುಳು ಆ ಸಾಲವನ್ನು ತೀರಿಸಿಕೊಳ್ಳಲು ಎಂದಿಗಿಂತ ಹೆಚ್ಚು ಆಳವಾದ ನಿದ್ರೆಗೆ ಇಳಿಯುತ್ತದೆ. ಅಷ್ಟು ಆಳದಿಂದ ಮೇಲೇಳುವಾಗ ಅರ್ಧದಾರಿಯಲ್ಲಿ ಸಿಕ್ಕಿಕೊಳ್ಳುವ ಸಂಭವವೂ ಹೆಚ್ಚು. ಜ್ವರ ಬಂದ ರಾತ್ರಿಯೂ, ಹೊಸ ಜಾಗದಲ್ಲಿ ಮಲಗಿದ ರಾತ್ರಿಯೂ ಹಾಗೆಯೇ. ಜನರು ಕಂಡದ್ದು ಸರಿ, ಕಾರಣವನ್ನು ಹಚ್ಚಿದ್ದು ತಪ್ಪು.

ಆಗ ಮಾಡತಕ್ಕದ್ದೇನು? ಮಗುವನ್ನು ಅಲುಗಾಡಿಸಿ ಎಬ್ಬಿಸಬಾರದು, ಗದರಿಸಬಾರದು, ಮುಖಕ್ಕೆ ನೀರೆರಚಬಾರದು. ಅದರಿಂದ ಭೀತಿಯು ಬೆಳೆಯುತ್ತದೆ. ಬಳಿಯಲ್ಲಿದ್ದು ಪೆಟ್ಟಾಗದಂತೆ ಕಾದರೆ ಸಾಕು. ನಡೆದಾಡುವ ಮಗುವಿನ ವಿಷಯದಲ್ಲಿ ಮಾತ್ರ ಹೆಚ್ಚಿನ ಎಚ್ಚರ ಬೇಕು. ಪೇಟೆಯ ಮನೆಯಲ್ಲಿ ಮೆಟ್ಟಿಲು ಮತ್ತು ಮಹಡಿಗಳ ಅಪಾಯವಿದ್ದರೆ, ಈ ತಾಲ್ಲೂಕುಗಳ ಒಂಟಿಮನೆಗಳಲ್ಲಿ ಕಟ್ಟೆಯಿಲ್ಲದ ಬಾವಿ, ಕೆಂಡವಿರುವ ಒಲೆ, ಅಂಗಳದಾಚೆಯ ಕಾಡು ಇವೆ. ಬಾಗಿಲಿನ ಅಗಳಿಯು ಮಗುವಿನ ಕೈಗೆ ಎಟುಕದಷ್ಟು ಮೇಲಿರಲಿ. ಬಾಗಿಲಿಗೆ ದನದ ಕೊರಳಿನ ಒಂದು ಗಂಟೆಯನ್ನು ಕಟ್ಟಿದರೆ ಅದಕ್ಕಿಂತ ಅಗ್ಗವಾದ ಯಂತ್ರವಿಲ್ಲ. ಪ್ರತಿರಾತ್ರಿಯೂ ಒಂದೇ ಹೊತ್ತಿಗೆ ಹೀಗಾಗುತ್ತಿದ್ದರೆ ವೈದ್ಯರು ಹೇಳುವ ಸರಳವಾದ ಉಪಾಯವೊಂದಿದೆ: ಆ ಹೊತ್ತಿಗೆ ಕಾಲುಗಂಟೆಯಿಂದ ಅರ್ಧಗಂಟೆ ಮುಂಚಿತವಾಗಿ ಮಗುವನ್ನು ಮೆಲ್ಲನೆ ಅರೆಯೆಚ್ಚರಿಸಿ ಮತ್ತೆ ಮಲಗಗೊಡುವುದು. ಎರಡರಿಂದ ನಾಲ್ಕು ವಾರ ಹೀಗೆ ಮಾಡಿದರೆ ಎಷ್ಟೋ ಮಕ್ಕಳಲ್ಲಿ ಆ ಸರಣಿಯು ಮುರಿಯುತ್ತದೆ.

ಕೊನೆಯ ಜಾವದಲ್ಲಿ ಎದ್ದು ಅಳುವ ಮಗುವಿನ ಸಂಗತಿಯೇ ಬೇರೆ. ಅದು ಪೂರ್ತಿಯಾಗಿ ಎಚ್ಚರಗೊಂಡಿದೆ, ತಾಯಿಯನ್ನು ಗುರುತಿಸಿ ಅಪ್ಪಿಕೊಳ್ಳುತ್ತದೆ, ಆನೆ ಅಟ್ಟಿಸಿಕೊಂಡು ಬಂತೆಂದು ಕಥೆಯನ್ನೂ ಹೇಳುತ್ತದೆ. ಇದು ಕೆಟ್ಟ ಕನಸು. ಇಲ್ಲಿ ಸಮಾಧಾನದ ಮಾತೇ ಔಷಧ. ಅದೇ ಕನಸು ಮತ್ತೆ ಮತ್ತೆ ಬರುತ್ತಿದ್ದರೆ, ಹಗಲಿನಲ್ಲಿ ಆ ಮಗುವನ್ನು ಹೆದರಿಸುತ್ತಿರುವವರು ಯಾರೆಂದು ಮನೆಯವರು ವಿಚಾರಿಸಬೇಕು.

ಯಾವ ಜಾವವೆಂಬ ನಿಯಮವೇ ಇಲ್ಲದೆ, ಒಂದೇ ರಾತ್ರಿ ಹಲವು ಬಾರಿ, ಪ್ರತಿಸಲವೂ ಅಚ್ಚೊತ್ತಿದಂತೆ ಒಂದೇ ರೀತಿಯಲ್ಲಿ ಮೈ ಸೆಟೆದು ಅಥವಾ ಕೈಕಾಲು ಅದುರಿ ಎಚ್ಚರವಾಗುತ್ತಿದ್ದರೆ ಅದು ನಿಶಾಭೀತಿಯಲ್ಲದೆ ಮೂರ್ಛೆರೋಗವಾಗಿರಬಹುದು. ಅದಕ್ಕೆ ಒಳ್ಳೆಯ ಔಷಧಗಳಿವೆ, ತಡಮಾಡಬಾರದು.

ಇನ್ನು ಇರುಳೆಲ್ಲ ನಡೆಯುವ ತೊಡಕು. ಮಗು ಗೊರಕೆ ಹೊಡೆದರೆ ನಾವು ನಗುತ್ತೇವೆ, "ಕುಂಭಕರ್ಣ" ಎಂದು ಮುದ್ದಿಸುತ್ತೇವೆ. ನೆಗಡಿಯಾದಾಗ ಎರಡು ದಿನ ಗೊರಕೆ ಬಂದರೆ ಚಿಂತೆಯಿಲ್ಲ. ಆದರೆ ವಾರದಲ್ಲಿ ಮೂರು ನಾಲ್ಕು ರಾತ್ರಿಯಾದರೂ ಗೊರಕೆ ಹೊಡೆದು, ನಡುವೆ ಉಸಿರು ನಿಂತು, ಮತ್ತೆ ಏದುತ್ತ ಉಸಿರೆಳೆದುಕೊಳ್ಳುವ, ಕತ್ತನ್ನು ಹಿಂದಕ್ಕೆ ಚಾಚಿ ಬಾಯ್ತೆರೆದು ಮಲಗುವ, ಬೆವರಿನಿಂದ ಹಾಸಿಗೆಯನ್ನು ತೋಯಿಸುವ ಮಗು ನಗತಕ್ಕ ವಸ್ತುವಲ್ಲ. ಎರಡರಿಂದ ಎಂಟು ವರ್ಷದ ಮಕ್ಕಳಲ್ಲಿ ಗಂಟಲಿನ ಟಾನ್ಸಿಲ್ಲುಗಳೂ ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿಯೂ ಉಸಿರಿನ ಹಾದಿಗೆ ಹೋಲಿಸಿದರೆ ಬಹಳ ದೊಡ್ಡವು. ಎಚ್ಚರದಲ್ಲಿ ಗಂಟಲಿನ ಸ್ನಾಯುಗಳು ಹಾದಿಯನ್ನು ತೆರೆದಿಟ್ಟಿರುತ್ತವೆ. ನಿದ್ರೆಯಲ್ಲಿ ಅವು ಸಡಿಲಗೊಂಡು ಹಾದಿಯು ಮುಚ್ಚುತ್ತದೆ; ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ; ಮೆದುಳು ಗಾಬರಿಗೊಂಡು ಕ್ಷಣಕಾಲ ಎಚ್ಚತ್ತು ಹಾದಿಯನ್ನು ಬಿಡಿಸುತ್ತದೆ. ಇರುಳೊಂದರಲ್ಲಿ ಇದು ಹತ್ತಾರು ಸಲ ನಡೆಯಬಹುದು. ನೂರು ಮಕ್ಕಳಲ್ಲಿ ಒಬ್ಬರಿಂದ ಐವರಿಗೆ ಈ ತೊಂದರೆಯಿರುತ್ತದೆಂದು ಅಂದಾಜು. ಒಲೆಯ ಹೊಗೆ, ಬೀಡಿಯ ಹೊಗೆ, ಮಳೆಗಾಲದ ಗೋಡೆಗಳ ಬೂಸಲು ಮೂಗನ್ನು ಕಟ್ಟಿಸಿ ಇದನ್ನು ಹೆಚ್ಚಿಸುತ್ತವೆ. ಮೆಣಸಿನಕಾಯಿಯ ಹೊಗೆಯ ಬಗೆಗೆ ಅಜ್ಜಿಗೆ ಹೇಳಬೇಕಾದದ್ದೂ ಇಷ್ಟೇ.

ಇದರ ಕೇಡು ಹಗಲಿನಲ್ಲಿ ಕಾಣುತ್ತದೆ, ಅದೂ ವಿಚಿತ್ರವಾದ ವೇಷದಲ್ಲಿ. ನಿದ್ರೆಗೆಟ್ಟ ದೊಡ್ಡವನು ತೂಕಡಿಸುತ್ತಾನೆ. ನಿದ್ರೆಗೆಟ್ಟ ಮಗು ಅನೇಕವೇಳೆ ತೂಕಡಿಸದೆ ಚಡಪಡಿಸುತ್ತದೆ. ಒಂದು ಕಡೆ ಕೂರುವುದಿಲ್ಲ, ಪಾಠದಲ್ಲಿ ಲಕ್ಷ್ಯವಿಲ್ಲ, ಸಣ್ಣ ಮಾತಿಗೆ ಸಿಡುಕು. ಅಂಥವನಿಗೆ ಶಾಲೆಯಲ್ಲಿ "ದಡ್ಡ", "ತುಂಟ" ಎಂಬ ಬಿರುದುಗಳು ಸಿಗುತ್ತವೆ. ಅವನ ಬುದ್ಧಿಗೆ ಏನೂ ಆಗಿಲ್ಲ, ಅವನ ಗಂಟಲನ್ನು ಯಾರೂ ನೋಡಿಲ್ಲ. 2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಪ್ರಯೋಗದಲ್ಲಿ ಇಂಥ 464 ಮಕ್ಕಳನ್ನು ಎರಡು ಗುಂಪು ಮಾಡಲಾಯಿತು. ಏಳು ತಿಂಗಳ ತರುವಾಯ, ಟಾನ್ಸಿಲ್ ಮತ್ತು ಅಡಿನಾಯ್ಡುಗಳನ್ನು ತೆಗೆಸಿದ ಗುಂಪಿನಲ್ಲಿ ನೂರಕ್ಕೆ 79 ಮಕ್ಕಳ ನಿದ್ರಾಪರೀಕ್ಷೆಯು ಸರಿಹೋಗಿತ್ತು. ಕಾದುನೋಡಿದ ಗುಂಪಿನಲ್ಲಿ ನೂರಕ್ಕೆ 46. ಎರಡನೆಯ ಅಂಕಿಯನ್ನೂ ವಾಚಕರು ಗಮನಿಸಬೇಕು: ಅರ್ಧಕ್ಕೆ ಸಮೀಪದಷ್ಟು ಮಕ್ಕಳು ಶಸ್ತ್ರಚಿಕಿತ್ಸೆಯಿಲ್ಲದೆಯೇ ಸುಧಾರಿಸಿದರು. ಆದ್ದರಿಂದ ಯಾರಿಗೆ ಕತ್ತರಿ, ಯಾರಿಗೆ ಕಾಯುವಿಕೆ ಎಂಬುದನ್ನು ಕಿವಿ ಮೂಗು ಗಂಟಲಿನ ತಜ್ಞರೇ ನೋಡಿ ಹೇಳತಕ್ಕದ್ದು.

ಕಾಲಿನ ಕಥೆಯೊಂದಿದೆ. ಸಂಜೆಯಾದೊಡನೆ ಕಾಲಿನೊಳಗೆ ಏನೋ ಹರಿದಾಡಿದಂತಾಗುತ್ತದೆ, ಆಡಿಸಿದರೆ ಮಾತ್ರ ಸಮಾಧಾನ ಎಂದು ಕೆಲವು ಮಕ್ಕಳು ಹೇಳುತ್ತಾರೆ. ಸ್ವೀಡನ್ನಿನ ಎಕ್‌ಬೊಮ್ ಎಂಬ ವೈದ್ಯನು 1945ರಲ್ಲಿ ಈ ಚಡಪಡಿಕೆಯ ಕಾಲುಗಳನ್ನು ವಿವರವಾಗಿ ವರ್ಣಿಸಿದನು. ಮಕ್ಕಳಲ್ಲಿ ಇದರ ಹಿಂದೆ ಅನೇಕವೇಳೆ ಕಬ್ಬಿಣದ ಕೊರತೆಯಿರುತ್ತದೆ. ಚಲನೆಯನ್ನು ನಿಯಂತ್ರಿಸುವ ಡೋಪಮಿನ್ ಎಂಬ ವಸ್ತುವನ್ನು ತಯಾರಿಸಲು ಮೆದುಳಿಗೆ ಕಬ್ಬಿಣ ಬೇಕು. ಕಬ್ಬಿಣವು ಎಲ್ಲಿಗೆ ಹೋಯಿತು? ಊಟದಲ್ಲಿಯೇ ಸಾಲದಿರಬಹುದು, ಅಥವಾ ಬರಿಗಾಲಿನಲ್ಲಿ ತೇವದ ನೆಲದಲ್ಲಿ ನಡೆದಾಗ ಪಾದದ ಚರ್ಮವನ್ನು ತೂರಿ ಒಳಸೇರಿದ ಕೊಕ್ಕೆಹುಳುಗಳು ಕರುಳಿನಲ್ಲಿ ಕಚ್ಚಿಕೊಂಡು ರಕ್ತವನ್ನು ಹೀರುತ್ತಿರಬಹುದು. ನೆಲದ ಹುಳುವಿಗೂ ನಡುರಾತ್ರಿಯ ಹೊರಳಾಟಕ್ಕೂ ಹೀಗೆ ನಂಟು. ಶಾಲೆಗಳಲ್ಲಿ ಜಂತುಹುಳುವಿನ ಮಾತ್ರೆಯನ್ನೂ ವಾರಕ್ಕೊಮ್ಮೆ ಕಬ್ಬಿಣದ ಮಾತ್ರೆಯನ್ನೂ ಕೊಡುವ ಸರ್ಕಾರದ ಯೋಜನೆಗಳಿವೆ. ಚಿಕ್ಕವರಿಗೆ ಗುಲಾಬಿ ಬಣ್ಣದ್ದು, ಹತ್ತು ವರ್ಷ ಮೀರಿದವರಿಗೆ ನೀಲಿ. ಕಹಿಯೆಂದು ಕಿಟಕಿಯಿಂದಾಚೆ ಎಸೆಯುವ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ ಒಮ್ಮೆ ಯೋಚಿಸಲಿ. ರಾತ್ರಿಯಲ್ಲಿಯೇ ಹೊರಬಂದು ಮೊಟ್ಟೆಯಿಡುವ ದಾರಹುಳುವೂ, ರಾತ್ರಿಯಲ್ಲಿಯೇ ಹೆಚ್ಚಾಗಿ ನವೆ ಹುಟ್ಟಿಸುವ ಕಜ್ಜಿಯೂ ನಿದ್ರೆಗೆಡಿಸುವ ಕಳ್ಳರೇ.

ಹಾಸಿಗೆಯಲ್ಲಿ ಮೂತ್ರಮಾಡುವ ಮಗುವಿನ ವಿಷಯವನ್ನು ಬರೆಯುವಾಗ ನನ್ನ ಲೇಖನಿಯು ಸ್ವಲ್ಪ ನಿಲ್ಲುತ್ತದೆ. ಮನೆಯಲ್ಲಿ ಇದು ತಾಯಿಗೆ ಗೊತ್ತಿರುವ ಗುಟ್ಟು. ವಸತಿಶಾಲೆಯಲ್ಲಿ ಅದು ಬಯಲಾಗುವ ಮಾನ. ಕಾಡಿನ ಮಜರೆಗಳಿಂದ ಓದಲು ಬಂದು, ಸಾಲಾಗಿ ಹಾಸಿದ ಹಾಸಿಗೆಗಳ ನಡುವೆ ಮಲಗುವ ಎಂಟು ಹತ್ತು ವರ್ಷದ ಮಗು, ಬೆಳಗಾಗುವ ಮೊದಲೇ ಎದ್ದು ಚಾದರವನ್ನು ಬಚ್ಚಿಡಲು ಜಾಗ ಹುಡುಕುವುದನ್ನು ಊಹಿಸಿ. ಇದಕ್ಕಾಗಿ ಊರಿಗೆ ಓಡಿಹೋಗಿ ಓದನ್ನೇ ಬಿಡುವ ಮಕ್ಕಳು ಇರಲಾರರೆ? ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು 15 ಮಂದಿಗೆ ಈ ತೊಂದರೆಯಿರುತ್ತದೆ. ಹಾಗೆ ಉಳಿದವರಲ್ಲಿ ವರ್ಷವರ್ಷವೂ ನೂರಕ್ಕೆ 15ರಷ್ಟು ಮಕ್ಕಳು ತಾವಾಗಿಯೇ ಗುಣಹೊಂದುತ್ತಾರೆ. ಇದು ಸೋಮಾರಿತನವಲ್ಲ, ಹಟವೂ ಅಲ್ಲ. ತುಂಬಿದ ಮೂತ್ರಕೋಶದ ಕರೆಯು ಆಳವಾದ ನಿದ್ರೆಯನ್ನು ದಾಟಿ ಮೆದುಳಿಗೆ ತಲಪುವುದಿಲ್ಲ. ಕೆಲವರಲ್ಲಿ ರಾತ್ರಿ ಮೂತ್ರವನ್ನು ಕಡಿಮೆ ಮಾಡುವ ಹಾರ್ಮೋನು ಇನ್ನೂ ಸಾಕಷ್ಟು ಒಸರುವುದಿಲ್ಲ. ಮಲಬದ್ಧತೆಯೂ ಮೇಲೆ ಹೇಳಿದ ಗೊರಕೆಯೂ ಇದನ್ನು ತರುವುದುಂಟು. ಶಿಕ್ಷಿಸಿದರೆ ಹೆಚ್ಚುತ್ತದೆ. ನೀರನ್ನು ಹಗಲಿನಲ್ಲಿ ಚೆನ್ನಾಗಿ ಕುಡಿಸಿ ರಾತ್ರಿ ಮಿತಗೊಳಿಸುವುದು, ಮಲಗುವ ಮೊದಲು ಎಬ್ಬಿಸಿ ಕಳುಹಿಸುವುದು, ತೇವ ತಾಕಿದೊಡನೆ ಸದ್ದು ಮಾಡುವ ಕರೆಗಂಟೆ, ವೈದ್ಯರು ಕೊಡುವ ಔಷಧ ಇವೆಲ್ಲ ಇವೆ. ಒಂದು ಎಚ್ಚರಿಕೆ: ತಿಂಗಳುಗಟ್ಟಲೆ ಒಣಗಿದ್ದ ಹಾಸಿಗೆ ಮತ್ತೆ ಒದ್ದೆಯಾಗತೊಡಗಿ, ಜತೆಗೆ ಅತಿಯಾದ ಬಾಯಾರಿಕೆಯೂ ಸೊರಗುವಿಕೆಯೂ ಕಂಡರೆ ಅಂದೇ ರಕ್ತದ ಸಕ್ಕರೆಯನ್ನು ಪರೀಕ್ಷಿಸಬೇಕು.

ಇಲ್ಲಿಯವರೆಗೆ ನಿದ್ರೆಯೊಳಗಿನ ತೊಡಕುಗಳಾದುವು. ನಿದ್ರೆಯೇ ಹೊತ್ತಿಗೆ ಬಾರದಿದ್ದರೆ? ಇಲ್ಲಿ ರಸ್ತೆಬದಿಯ ಮುಟ್ಟಿದರೆ ಮುನಿಯು ನಮ್ಮ ಗುರು. ಸಂಜೆಗೆ ಎಲೆ ಮುಚ್ಚಿ ಬೆಳಿಗ್ಗೆ ತೆರೆಯುವ ಈ ಜಾತಿಯ ಗಿಡವೊಂದನ್ನು ಫ್ರಾನ್ಸಿನ ದ ಮೆರಾನ್ ಎಂಬಾತನು 1729ರಲ್ಲಿ ಕತ್ತಲೆಯಲ್ಲಿ ಇಟ್ಟು ನೋಡಿದನು. ಸೂರ್ಯನನ್ನು ಕಾಣದಿದ್ದರೂ ಎಲೆಗಳು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚುತ್ತಿದ್ದುವು. ಗಡಿಯಾರವು ಜೀವಿಯೊಳಗೇ ಇದೆ. ಮನುಷ್ಯನಲ್ಲಿ ಮುಖ್ಯ ಗಡಿಯಾರವು ಕಣ್ಣಿನ ನರಗಳು ಕೂಡುವಲ್ಲಿ, ಅವುಗಳ ಮೇಲೆಯೇ ಕುಳಿತಿರುವ ಒಂದು ಪುಟ್ಟ ನರಗುಚ್ಛ. ಇಂಥ ಗಡಿಯಾರಗಳ ಒಳಯಂತ್ರವನ್ನು ಅಣುಗಳ ಮಟ್ಟದಲ್ಲಿ ಬಿಡಿಸಿ ತೋರಿಸಿದ ಮೂವರಿಗೆ 2017ರ ನೊಬೆಲ್ ಪಾರಿತೋಷಕ ದೊರೆಯಿತು. ಕತ್ತಲಾದಾಗ ಈ ಗಡಿಯಾರದ ಅಪ್ಪಣೆಯಂತೆ ಮೆಲಟೋನಿನ್ ಎಂಬ ಹಾರ್ಮೋನು ಒಸರಿ, ಮೈಗೆ ಇರುಳಾಯಿತೆಂದು ಸಾರುತ್ತದೆ. ಬೆಳಕು ಬಿದ್ದರೆ ಅದು ನಿಲ್ಲುತ್ತದೆ.

ಈಗ ಭೂಪಟವನ್ನು ತೆಗೆಯಿರಿ. ಭಾರತದ ಗಡಿಯಾರವೆಲ್ಲ ಮಿರ್ಜಾಪುರದ ಬಳಿ ಹಾಯುವ 82½ ಡಿಗ್ರಿ ರೇಖಾಂಶದ್ದು. ದಾಂಡೇಲಿಯು ಸುಮಾರು 74½ ಡಿಗ್ರಿಯಲ್ಲಿದೆ. ಡಿಗ್ರಿಗೆ 4 ನಿಮಿಷದಂತೆ ಎಂಟು ಡಿಗ್ರಿಗೆ 32 ನಿಮಿಷ. ಅಷ್ಟು ಹೊತ್ತು ದಾಂಡೇಲಿಯ ಸೂರ್ಯನು ಗೋಡೆಯ ಗಡಿಯಾರಕ್ಕಿಂತ ಹಿಂದೆ. ಜನವರಿಯಲ್ಲಿ ಅಲ್ಲಿ ಸೂರ್ಯೋದಯಕ್ಕೆ ಸುಮಾರು 7 ಗಂಟೆ. ಜೂನಿನಲ್ಲಿ ಸೂರ್ಯಾಸ್ತಕ್ಕೆ 7 ಗಂಟೆ. ಗುವಾಹಟಿಯ ಮಗುವಿಗೆ ಆಗ ಸೂರ್ಯನು ಸುಮಾರು ಮುಕ್ಕಾಲು ಗಂಟೆ ಮುಂಚೆಯೇ ಮುಳುಗಿರುತ್ತಾನೆ. ಮೌಲಿಕ್ ಜಗ್ನಾನಿ ಎಂಬ ಅರ್ಥಶಾಸ್ತ್ರಜ್ಞರು ಭಾರತದ ಅಂಕಿಅಂಶಗಳನ್ನು ಹೋಲಿಸಿ, ಸೂರ್ಯಾಸ್ತವು ಒಂದು ಗಂಟೆ ತಡವಾದಲ್ಲಿ ಮಕ್ಕಳು ಸುಮಾರು ಅರ್ಧಗಂಟೆ ಕಡಿಮೆ ನಿದ್ರಿಸುತ್ತಾರೆಂದು ತೋರಿಸಿದ್ದಾರೆ. ತಡವಾಗಿ ಮಲಗುತ್ತಾರೆ, ಆದರೆ ಶಾಲೆಯ ಗಂಟೆಯು ತಡವಾಗಿ ಬಾರಿಸುವುದಿಲ್ಲ. ಇದರ ಪೆಟ್ಟು ಬಡವರ ಮಕ್ಕಳಿಗೇ ಹೆಚ್ಚು. ಜೋಯಿಡಾದ ದೂರದ ಮಜರೆಯಿಂದ ಬಸ್ಸಿಗೆ ಬರಬೇಕಾದ ಹುಡುಗಿಯು ಕತ್ತಲಲ್ಲೇ ಏಳಬೇಕು. ದಾಂಡೇಲಿಯಲ್ಲಿ ಹಗಲಿರುಳು ಪಾಳಿಯ ಮೇಲೆ ಕೆಲಸ ಮಾಡುವ ತಂದೆಯ ಮನೆಯಲ್ಲಿ ದೀಪವು ಆರುವ ಹೊತ್ತೇ ವಾರಕ್ಕೊಂದು ಬಗೆ.

ಆರರಿಂದ ಹನ್ನೆರಡು ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ, ಹದಿಮೂರರಿಂದ ಹದಿನೆಂಟರವರಿಗೆ 8ರಿಂದ 10 ಗಂಟೆ ನಿದ್ರೆ ಬೇಕೆಂದು ತಜ್ಞರ ಮತ. ಹರೆಯದಲ್ಲಿ ಒಳಗಿನ ಗಡಿಯಾರವೇ ಸುಮಾರು ಒಂದೆರಡು ಗಂಟೆ ಹಿಂದೆ ಬೀಳುತ್ತದೆ. ಹತ್ತು ಗಂಟೆಗೆ ನಿದ್ರೆ ಬಾರದ ಕಾಲೇಜು ವಿದ್ಯಾರ್ಥಿಯನ್ನು ಹಿರಿಯರು ಬೈಯಬಾರದು. ಆದರೆ ಆ ನೆವದಿಂದ ಮುಖದ ಮುಂದೆ ಮೊಬೈಲಿನ ಬೆಳಕನ್ನು ಹಿಡಿದು ಗಡಿಯಾರವನ್ನು ಇನ್ನಷ್ಟು ಹಿಂದಕ್ಕೆ ತಿರುಗಿಸಿಕೊಂಡರೆ ದೂರನ್ನು ಯಾರ ಮೇಲೆ ಹೇಳುವುದು? ಮಲಗುವುದಕ್ಕೆ ಒಂದು ಗಂಟೆ ಮೊದಲು ಬೆಳಕನ್ನು ತಗ್ಗಿಸಿ, ಬೆಳಿಗ್ಗೆ ಎದ್ದೊಡನೆ ಅಂಗಳಕ್ಕೆ ಬಂದು ಬಿಸಿಲನ್ನು ಕಂಡು, ರಜಾದಿನದಲ್ಲಿಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಎದ್ದರೆ ಎರಡು ವಾರದಲ್ಲಿ ವ್ಯತ್ಯಾಸವು ಕಾಣುತ್ತದೆ.

ನಿದ್ರೆ ಬರಿಸುವ ಮದ್ದಿನ ಆಸೆ ಬೇಡ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಂಬಯಿಯ ಗಿರಣಿಗಳಿಗೆ ಹೋಗುತ್ತಿದ್ದ ತಾಯಂದಿರು ಕೂಸುಗಳಿಗೆ ಅಫೀಮು ಬೆರೆತ ಬಾಲಗೋಲಿಯನ್ನು ಕೊಡುತ್ತಿದ್ದರು; ಕೆಲವು ಕೂಸುಗಳು ಏಳಲೇ ಇಲ್ಲ. ಇಂದು ಅದರ ಜಾಗದಲ್ಲಿ ಕೆಮ್ಮಿನ ಸಿರಪ್ಪು ಬಂದಿದೆ. ಜಾಯಿಕಾಯಿಯನ್ನು ತೇಯ್ದು ನೆಕ್ಕಿಸುವ ರೂಢಿಯೂ ಮಿತಿಮೀರಿದರೆ ವಿಷವೇ. ಮೆಲಟೋನಿನ್ ಮಾತ್ರೆಯನ್ನೂ ವೈದ್ಯರು ಹೇಳದೆ ಕೊಡಕೂಡದು.

ವೈದ್ಯರಲ್ಲಿಗೆ ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಎರಡು ವಾರಗಳ ಕಾಲ ಒಂದು ಹಳೆಯ ಪಟ್ಟಿ ಪುಸ್ತಕದಲ್ಲಿ ಮಗು ಮಲಗಿದ ಹೊತ್ತು, ಎದ್ದ ಹೊತ್ತು, ಕಿರುಚಿದ ಅಥವಾ ನಡೆದ ಹೊತ್ತು, ಬೆಳಿಗ್ಗೆ ನೆನಪಿತ್ತೇ ಇಲ್ಲವೇ, ಇಷ್ಟನ್ನು ಬರೆದಿಡಿ. ಮನೆಯಲ್ಲಿ ಓದುಬರಹ ಬಲ್ಲ ಅಣ್ಣನೋ ಅಕ್ಕನೋ ಇದನ್ನು ಮಾಡಬಹುದು. ಗೊರಕೆಯನ್ನೂ ಉಸಿರಿನ ತಡೆಯನ್ನೂ ಮೊಬೈಲಿನಲ್ಲಿ ಒಂದೆರಡು ನಿಮಿಷ ಚಿತ್ರಿಸಿಕೊಳ್ಳಿ. ಹಗಲಿನಲ್ಲಿ ಎಚ್ಚರವಿರುವ ಮಗುವನ್ನು ನೋಡಿದ ವೈದ್ಯರಿಗೆ ಇರುಳಿನ ಸಂಗತಿ ಕಾಣುವುದು ಅದರಿಂದಲೇ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ಶಾಲೆಗೆ ಬಂದಾಗ ಆ ಪುಸ್ತಕವನ್ನು ಅವರ ಮುಂದಿಡಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ಬಗೆಹರಿಯದಿದ್ದರೆ ಹಳಿಯಾಳ, ದಾಂಡೇಲಿ, ಮುಂಡಗೋಡದವರಿಗೆ ಹುಬ್ಬಳ್ಳಿ ಧಾರವಾಡಗಳೂ, ಜೋಯಿಡಾದವರಿಗೆ ಕಾರವಾರವೂ ಎಟುಕುವ ದೂರದಲ್ಲಿವೆ. ಅಲ್ಲಿ ವೈದ್ಯರು ಮೊದಲು ತೆರೆದು ನೋಡುವುದು ಹೊತ್ತಿನ ಆ ಅಂಕಣವನ್ನೇ.